ಒಂದು ಓಎಸ್ ತೆಗೆಯೋ ಮುಂಚೆ ಬೂಟ್ ಯಾರ ಕೈಲಿದೆ ನೋಡ್ಕೊಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಒಂದೇ ಕಂಪ್ಯೂಟರಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್, ಅಂದ್ರೆ ವಿಂಡೋಸ್, ಲಿನಕ್ಸ್ ಥರದ್ದು) ಹಾಕ್ಕೊಂಡಿದೀವಿ, ಈಗ ಒಂದು ಸಾಕು, ಇನ್ನೊಂದನ್ನ ತೆಗೆಯೋದು ಹೆಂಗೆ ಅಂತ. ಹಾಕೋದು ಹೆಂಗೆ ಅಂತ ಹೇಳ್ಕೊಡೋರು ಬೇಕಾದಷ್ಟು ಜನ ಸಿಗ್ತಾರೆ, ತೆಗೆಯೋ ವಿಷಯ ಬಂದ್ರೆ ಮಾತ್ರ ಪಾರ್ಟಿಶನ್ (ಡಿಸ್ಕಲ್ಲಿ ಅದಕ್ಕೆ ಅಂತ ಬೇರೆ ಮಾಡಿಟ್ಟ ಭಾಗ) ಡಿಲೀಟ್ ಮಾಡಿ ಅಂತ ಒಂದು ಸಾಲಲ್ಲಿ ಮುಗಿಸ್ಬಿಡ್ತಾರೆ, ಆ ಒಂದು ಸಾಲನ್ನ ನಂಬಿ ಡಿಲೀಟ್ ಮಾಡಿದೋರೇ ಆಮೇಲೆ ನನಗೆ ಪತ್ರ ಬರೆಯೋದು. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀನಿ. ಕಮಾಂಡುಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ, ಸ್ಪೇಸ್, ಸ್ಲ್ಯಾಶ್ ಎಲ್ಲಿ ಅಂತ ಹೇಳಿದೀನೋ ಅಲ್ಲೇ ಹಾಕಿ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಓದ್ತಿದೀನಿ. ಲ್ಯಾಪ್‌ಟಾಪಲ್ಲಿ 512 ಜಿಬಿ ಎಸ್ಎಸ್‌ಡಿ ಇದೆ, ಮೊದಲಿಂದ ವಿಂಡೋಸ್ 11 ಇತ್ತು, ಎರಡನೇ ಸೆಮಿಸ್ಟರಲ್ಲಿ ಒಂದು ಲ್ಯಾಬಿಗೋಸ್ಕರ 120 ಜಿಬಿ ಬಿಟ್ಟು ಉಬುಂಟು ಲಿನಕ್ಸ್ ಹಾಕ್ಕೊಂಡೆ. ಈಗ ಅದರ ಕೆಲಸ ಮುಗೀತು, ವಿಂಡೋಸಲ್ಲಿ ಜಾಗ ಸಾಲ್ತಿಲ್ಲ. ಉಬುಂಟು ಪೂರ್ತಿ ತೆಗೆದು ಆ ಜಾಗ ವಾಪಸ್ ತಗೋಬೇಕು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡಿಲೀಟ್ ಒತ್ತಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ, ಒತ್ತೋ ಮುಂಚೆ ಕೇಳಿದ್ದು ಬಹಳ ಒಳ್ಳೇದಾಯ್ತು. ಉಬುಂಟು ಹಾಕಿದಾಗ ಅದು ತನ್ನ 120 ಜಿಬಿ ಜಾಗದಲ್ಲಿ ಮಾತ್ರ ಕೂತ್ಕೊಂಡಿಲ್ಲ, ಕಂಪ್ಯೂಟರ್ ಆನ್ ಆದ ತಕ್ಷಣ ಯಾವ ಓಎಸ್ ಬೇಕು ಅಂತ ಕೇಳೋ ಮೆನು ಬರತ್ತಲ್ಲ, ಗ್ರಬ್ ಅಂತ ಅದರ ಹೆಸರು, ಅದನ್ನೂ ಹಾಕಿದೆ. ಅಂದ್ರೆ ಹೆಬ್ಬಾಗಿಲು ತೆಗೆಯೋ ಕೆಲಸ ಈಗ ಉಬುಂಟು ಕಡೆಯೋರ ಕೈಲಿದೆ, ವಿಂಡೋಸಿಗೆ ಹೋಗೋರೂ ಅದೇ ಬಾಗಿಲಿಂದ ಹೋಗ್ಬೇಕು. ಗ್ರಬ್‌ನ ಒಂದು ಸಣ್ಣ ತುಂಡು ಮಾತ್ರ ಬೂಟ್ ಜಾಗದಲ್ಲಿ, ಅಂದ್ರೆ ಕಂಪ್ಯೂಟರ್ ಶುರುವಾಗೋಕೆ ಬೇಕಾದ್ದು ಇರೋ ಕಡೆ, ಇರತ್ತೆ, ಮೆನು, ಸೆಟಿಂಗ್ ಎಲ್ಲ ಉಬುಂಟು ಪಾರ್ಟಿಶನ್ ಒಳಗಿರತ್ತೆ. ಆ ಪಾರ್ಟಿಶನ್ ಹೋದ್ರೆ ಬಾಗಿಲಲ್ಲಿ ಕೂತಿರೋ ತುಂಡಿಗೆ ಮುಂದೇನು ಮಾಡ್ಬೇಕು ಗೊತ್ತಾಗಲ್ಲ, ಕಪ್ಪು ಸ್ಕ್ರೀನಲ್ಲಿ ಗ್ರಬ್ ಅಂತ ತೋರಿಸ್ಕೊಂಡು ನಿಂತ್ಬಿಡತ್ತೆ, ವಿಂಡೋಸ್ ಒಳಗಡೆ ಚೆನ್ನಾಗೇ ಇದ್ರೂ ನಿಮಗೆ ಸಿಗಲ್ಲ. ಅದಕ್ಕೇ ಮೊದಲು ಬೂಟನ್ನ ವಿಂಡೋಸ್ ಕೈಗೆ ಕೊಡ್ಬೇಕು, ಕೊಟ್ಟ ಮೇಲೆ ಎರಡ್ಸಲ ರೀಸ್ಟಾರ್ಟ್ ಮಾಡಿ ಖಾತ್ರಿ ಮಾಡ್ಕೋಬೇಕು, ಡಿಲೀಟ್ ಅನ್ನೋದು ಅದಾದ ಮೇಲೆ.

ಅದಕ್ಕೂ ಮುಂಚೆ ಎರಡು ಕೆಲಸ ಇದೆ. ಉಬುಂಟುಗೆ ಕೊನೇ ಸಲ ಹೋಗಿ ನಿಮ್ಮ ಲ್ಯಾಬ್ ಪ್ರೋಗ್ರಾಮುಗಳು, ಡೌನ್‌ಲೋಡ್, ಬ್ರೌಸರ್ ಬುಕ್‌ಮಾರ್ಕ್ ಎಲ್ಲ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳಿ, ಫೈಲ್ ಮ್ಯಾನೇಜರಲ್ಲಿ ಕಂಟ್ರೋಲ್ ಮತ್ತೆ ಎಚ್ ಒತ್ತಿದ್ರೆ ಚುಕ್ಕಿಯಿಂದ ಶುರುವಾಗೋ ಮುಚ್ಚಿಟ್ಟ ಫೋಲ್ಡರುಗಳೂ ಕಾಣ್ತವೆ, ಎಸ್ಎಸ್ಎಚ್ ಕೀ (ಬೇರೆ ಕಂಪ್ಯೂಟರಿಗೆ ಲಾಗಿನ್ ಆಗೋಕೆ ಬಳಸೋ ಗುಟ್ಟಿನ ಫೈಲ್) ಥರದ್ದು ಅಲ್ಲಿರತ್ತೆ, ಬಹಳ ಜನ ಅದನ್ನ ಮರೀತಾರೆ. ವಿಂಡೋಸಿಗೆ ಬಂದು ಆಮೇಲೆ ನೋಡ್ಕೊಂಡ್ರಾಯ್ತು ಅಂದ್ಕೋಬೇಡಿ, ಉಬುಂಟು ಬಳಸೋ ಇಎಕ್ಸ್‌ಟಿ4 ಪಾರ್ಟಿಶನನ್ನ ವಿಂಡೋಸ್ ತಾನಾಗಿ ಓದಲ್ಲ. ಅಲ್ಲೇ ಇರೋವಾಗ ಡಿಸ್ಕ್ಸ್ ಅನ್ನೋ ಆಪ್ ತೆಗೆದು ಯಾವ ಪಾರ್ಟಿಶನ್ ಎಷ್ಟು ಸೈಜ್, ಯಾವ ಕ್ರಮದಲ್ಲಿದೆ ಅಂತ ಮೊಬೈಲಲ್ಲಿ ಒಂದು ಫೋಟೋ ತಕ್ಕೊಳಿ, ಇದು ಆಮೇಲೆ ಬಹಳ ಉಪಯೋಗಕ್ಕೆ ಬರತ್ತೆ.

ಎರಡನೇದು ಬಿಟ್‌ಲಾಕರ್, ಅಂದ್ರೆ ಡಿಸ್ಕಲ್ಲಿರೋದನ್ನ ಗುಪ್ತಲಿಪಿಗೆ ಬದಲಾಯಿಸಿ ಬೀಗ ಹಾಕೋ ವಿಂಡೋಸ್ ಸೌಲಭ್ಯ. ಈಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗಿದ್ರೆ ಡಿವೈಸ್ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗಿರತ್ತೆ, ನಿಮಗೆ ಗೊತ್ತೂ ಆಗಿರಲ್ಲ. ಬೂಟ್ ಸೆಟಿಂಗ್ ಬದಲಾಯಿಸಿದಾಗ ಅದಕ್ಕೆ ಅನುಮಾನ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು, ಕೀ ಇಲ್ಲ ಅಂದ್ರೆ ಒಳಗಿನ ಡೇಟಾ ಯಾರಿಗೂ ತೆಗೆಯೋಕಾಗಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಪೇಜಲ್ಲಿ ರಿಕವರಿ ಕೀ ಹುಡುಕಿ ಕಾಗದದ ಮೇಲೆ ಬರ್ಕೊಳಿ. ಅದೇ ಲ್ಯಾಪ್‌ಟಾಪಲ್ಲಿ ಸೇವ್ ಮಾಡಿ ಇಟ್ಕೊಂಡ್ರೆ ಏನೂ ಪ್ರಯೋಜನ ಇಲ್ಲ.

ಈಗ ವಿಂಡೋಸಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್ಫೋ32 ಅಂತ ಹೊಡೀರಿ. ಬರೋ ಪಟ್ಟಿಯಲ್ಲಿ ಬಯಾಸ್ ಮೋಡ್ ಅಂತ ಒಂದು ಸಾಲಿರತ್ತೆ, ಅದರ ಎದುರು ಯುಇಎಫ್‌ಐ ಅಂತಲೋ ಲೆಗಸಿ ಅಂತಲೋ ಇರತ್ತೆ, ಮೊದಲನೇದು ಹೊಸ ಥರದ ಬೂಟ್ ವ್ಯವಸ್ಥೆ, ಲೆಗಸಿ ಹಳೇದು. ನಿಮ್ದು ವಿಂಡೋಸ್ 11 ಜೊತೆಗೇ ಬಂದಿರೋದ್ರಿಂದ ಯುಇಎಫ್‌ಐ ಇರತ್ತೆ, ಇದು ಸುಲಭದ ದಾರಿ. ಸೆಟಿಂಗ್ಸ್, ಸಿಸ್ಟಮ್, ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್ ಅಂತ ಹೋಗಿ ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್ ಒಳಗಡೆ ಯುಇಎಫ್‌ಐ ಫರ್ಮ್‌ವೇರ್ ಸೆಟಿಂಗ್ಸ್ ಆರಿಸಿದ್ರೆ ಬಯಾಸ್ ಸ್ಕ್ರೀನ್ ಬರತ್ತೆ, ಅಲ್ಲಿ ಬೂಟ್ ಆರ್ಡರ್ ಅನ್ನೋ ಕಡೆ ಉಬುಂಟು ಮೇಲಿರತ್ತೆ, ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೋದನ್ನ ಮೇಲಕ್ಕೆ ತಂದು ಸೇವ್ ಮಾಡಿ. ರೀಸ್ಟಾರ್ಟ್ ಆದಾಗ ಗ್ರಬ್ ಮೆನು ಬರದೇ ಸೀದಾ ವಿಂಡೋಸ್ ಬಂದ್ರೆ ಬಾಗಿಲು ಕೈ ಬದಲಾಯಿಸ್ತು ಅಂತ ಅರ್ಥ. ಪೂರ್ತಿ ಶಟ್‌ಡೌನ್ ಮಾಡಿ ಇನ್ನೊಂದ್ಸಲ ಆನ್ ಮಾಡಿ ನೋಡಿ. ಎರಡ್ಸಲನೂ ಹಾಗೇ ಬಂದ್ರೆ ಇನ್ನು ಧೈರ್ಯವಾಗಿ ಡಿಲೀಟ್ ಮಾಡಬಹುದು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗತ್ತೆ. ಇಲ್ಲೇ ಎಡವೋದು ಜಾಸ್ತಿ. ಉಬುಂಟು ಪಾರ್ಟಿಶನಿಗೆ ಡ್ರೈವ್ ಅಕ್ಷರ ಇರಲ್ಲ, ಫೈಲ್ ಸಿಸ್ಟಮ್ ಹೆಸರೂ ತೋರಿಸಲ್ಲ, ಸರಿ. ಆದ್ರೆ ಅಕ್ಷರ ಇಲ್ಲದೇ ಇರೋದೆಲ್ಲ ಉಬುಂಟು ಅಲ್ಲ. ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಅಂತ 100 ಎಂಬಿನೋ 260 ಎಂಬಿನೋ ಇರತ್ತೆ, ಬೂಟ್ ಫೈಲುಗಳು ಇರೋದು ಅಲ್ಲೇ, ರಿಕವರಿ ಪಾರ್ಟಿಶನ್ ಅಂತ ಒಂದು ಇರತ್ತೆ, ಇವಕ್ಕೂ ಅಕ್ಷರ ಇಲ್ಲ, ಇವೆರಡನ್ನೂ ಮುಟ್ಟೋ ಹಾಗಿಲ್ಲ. ಮೊಬೈಲಲ್ಲಿ ತೆಗೆದಿಟ್ಟಿರೋ ಫೋಟೋ ಪಕ್ಕದಲ್ಲಿ ಇಟ್ಕೊಂಡು ಸೈಜ್ ಹೋಲಿಸಿ, 120 ಜಿಬಿ ಹತ್ತಿರ ಇರೋದರ ಮೇಲೆ ಮಾತ್ರ ರೈಟ್ ಕ್ಲಿಕ್ ಮಾಡಿ ಡಿಲೀಟ್ ವಾಲ್ಯೂಮ್ ಕೊಡಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಲಿನಕ್ಸ್ ಬಳಸೋ ಜಾಗ) ಬೇರೆ ಪಾರ್ಟಿಶನ್ ಮಾಡಿದ್ರೆ ಅದನ್ನೂ ಹಾಗೇ ತೆಗೀರಿ. ಆ ಜಾಗ ಈಗ ಅನ್‌ಅಲೊಕೇಟೆಡ್ ಅಂತ ಕಪ್ಪು ಪಟ್ಟಿಯಾಗಿ ಕಾಣತ್ತೆ. ಅದು ಸಿ ಡ್ರೈವಿನ ಬಲಕ್ಕೆ ಅಂಟ್ಕೊಂಡೇ ಇದ್ರೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ರೆ ಸೇರ್ಕೊಳತ್ತೆ. ಅಂಟ್ಕೊಂಡಿಲ್ಲ ಅಂದ್ರೆ ಏನು ಮಾಡ್ಬೇಕು ಅಂತ ಮುಂದೆ ಇನ್ನೊಬ್ಬರಿಗೆ ಬರೆದಿದೀನಿ ನೋಡಿ.

ಇಷ್ಟಕ್ಕೆ ನಿಲ್ಲಿಸಿದ್ರೂ ಕಂಪ್ಯೂಟರ್ ನಡೆಯತ್ತೆ. ಆದ್ರೆ ಇಎಫ್‌ಐ ಪಾರ್ಟಿಶನಲ್ಲಿ ಉಬುಂಟು ಅನ್ನೋ ಫೋಲ್ಡರ್ ಉಳಿದಿರತ್ತೆ, ಬೂಟ್ ಮೆನುವಲ್ಲೂ ಹೆಸರು ಉಳಿದಿರತ್ತೆ, ಯಾವತ್ತೋ ಒಂದಿನ ಬಯಾಸ್ ಸೆಟಿಂಗ್ ರೀಸೆಟ್ ಆಗಿ ಅದೇ ಮೇಲೆ ಬಂದ್ರೆ ಮತ್ತೆ ಕಪ್ಪು ಸ್ಕ್ರೀನ್. ಅದಕ್ಕೇ ಬುಡ ಸಮೇತ ತೆಗೆಯೋದು ವಾಸಿ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಮೌಂಟ್‌ವಾಲ್, ಸ್ಪೇಸ್, ಎಸ್, ಕೋಲನ್, ಸ್ಪೇಸ್, ಸ್ಲ್ಯಾಶ್, ಎಸ್ ಅಂತ ಹೊಡೆದ್ರೆ ಇಎಫ್‌ಐ ಪಾರ್ಟಿಶನಿಗೆ ಎಸ್ ಅನ್ನೋ ಅಕ್ಷರ ಬರತ್ತೆ. ಆಮೇಲೆ ಎಸ್ ಕೋಲನ್ ಅಂತ ಹೊಡೆದು ಅಲ್ಲಿಗೆ ಹೋಗಿ, ಸಿಡಿ, ಸ್ಪೇಸ್, ಇಎಫ್‌ಐ ಅಂತ ಒಳಗೆ ಹೋಗಿ, ಡಿಐಆರ್ ಹೊಡೆದ್ರೆ ಬೂಟ್, ಮೈಕ್ರೋಸಾಫ್ಟ್, ಉಬುಂಟು ಅಂತ ಫೋಲ್ಡರುಗಳು ಕಾಣ್ತವೆ, ಲ್ಯಾಪ್‌ಟಾಪ್ ಕಂಪನಿಯದೂ ಒಂದಿರಬಹುದು. ಆರ್‌ಡಿ, ಸ್ಪೇಸ್, ಸ್ಲ್ಯಾಶ್, ಎಸ್, ಸ್ಪೇಸ್, ಉಬುಂಟು ಅಂತ ಕೊಟ್ಟು ವೈ ಒತ್ತಿದ್ರೆ ಅದೊಂದು ಹೋಗತ್ತೆ. ಉಳಿದಿದ್ದನ್ನ ಮುಟ್ಬೇಡಿ, ಮೈಕ್ರೋಸಾಫ್ಟ್ ಫೋಲ್ಡರ್ ಹೋದ್ರೆ ವಿಂಡೋಸ್ ಏಳಲ್ಲ. ಬೂಟ್ ಮೆನುವಲ್ಲಿರೋ ಹೆಸರು ತೆಗೆಯೋಕೆ ಬಿಸಿಡಿಎಡಿಟ್, ಸ್ಪೇಸ್, ಸ್ಲ್ಯಾಶ್, ಎನಮ್, ಸ್ಪೇಸ್, ಫರ್ಮ್‌ವೇರ್ ಅಂತ ಕೊಡಿ, ಉಬುಂಟು ಅಂತ ವಿವರಣೆ ಇರೋ ಭಾಗದಲ್ಲಿ ಐಡೆಂಟಿಫೈಯರ್ ಎದುರು ಪುಷ್ಪಾವರಣದೊಳಗೆ ಒಂದು ಉದ್ದದ ಸಂಖ್ಯೆ ಇರತ್ತೆ, ಆವರಣ ಸಮೇತ ಅದನ್ನ ಕಾಪಿ ಮಾಡಿ ಬಿಸಿಡಿಎಡಿಟ್, ಸ್ಪೇಸ್, ಸ್ಲ್ಯಾಶ್, ಡಿಲೀಟ್, ಸ್ಪೇಸ್ ಆದ ಮೇಲೆ ಪೇಸ್ಟ್ ಮಾಡಿ. ಪವರ್‌ಶೆಲ್‌ನಲ್ಲಿ ಆ ಆವರಣದಿಂದ ಎಡವಟ್ಟಾಗತ್ತೆ, ಕಮಾಂಡ್ ಪ್ರಾಂಪ್ಟಲ್ಲೇ ಮಾಡಿ. ಲಿನಕ್ಸ್ ಮಿಂಟ್ ಹಾಕ್ಕೊಂಡಿರೋರಿಗೊಂದು ಮಾತು, ನಿಮ್ಮ ಫೋಲ್ಡರ್ ಹೆಸರೂ ಉಬುಂಟು ಅಂತಲೇ ಇರತ್ತೆ, ಗಾಬರಿ ಬೇಡ.

ಪ್ರಶ್ನೆ: ನಾನಾಗಲೇ ಡಿಲೀಟ್ ಮಾಡ್ಬಿಟ್ಟೆ! ಹಳೇ ಡೆಸ್ಕ್‌ಟಾಪ್, ವಿಂಡೋಸ್ ಮತ್ತೆ ಲಿನಕ್ಸ್ ಇತ್ತು. ಈಗ ಆನ್ ಮಾಡಿದ್ರೆ ನೋ ಸಚ್ ಪಾರ್ಟಿಶನ್ ಅಂತ ಬಂದು ಕೆಳಗೆ ಗ್ರಬ್ ರೆಸ್ಕ್ಯೂ ಅಂತ ನಿಲ್ಲತ್ತೆ. ರಿಪೇರಿಯವರು ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ. ಅದರಲ್ಲಿ ಮಗಳ ಚಿಕ್ಕಂದಿನ ಫೋಟೋಗಳಿವೆ, ದಯವಿಟ್ಟು ಬೇಗ ಹೇಳಿ.

ಉತ್ತರ: ಮೇಡಂ, ಫಾರ್ಮ್ಯಾಟ್ ಮಾಡಿಸ್ಬೇಡಿ, ಯಾರು ಹೇಳಿದ್ರೂ ಮಾಡಿಸ್ಬೇಡಿ. ನೀವು ಡಿಲೀಟ್ ಮಾಡಿದ್ದು ಲಿನಕ್ಸ್ ಪಾರ್ಟಿಶನ್ ಮಾತ್ರ ಆಗಿದ್ರೆ ವಿಂಡೋಸ್ ಪಾರ್ಟಿಶನಿಗೆ ಏನೂ ಆಗಿಲ್ಲ, ಫೋಟೋಗಳು ಇದ್ದಲ್ಲೇ ಇದಾವೆ, ಒಳಗೆ ಹೋಗೋ ದಾರಿ ಮಾತ್ರ ಕಟ್ಟಾಗಿದೆ. ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಬಹಳ ವರ್ಷದ ಹಿಂದೆ ನನಗೂ ಇದೇ ಸ್ಕ್ರೀನ್ ಬಂದಿತ್ತು, ಆಗ ಕೇಳೋಕೆ ಯಾರೂ ಇರ್ಲಿಲ್ಲ, ಎಲ್ಲಾ ಹೋಯ್ತು ಅಂದ್ಕೊಂಡು ಪೂರ್ತಿ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ, ಎರಡು ವರ್ಷದ ಮನೆ ಫೋಟೋಗಳು ಹೋದ್ವು, ಅದರಲ್ಲಿ ಈಗಿಲ್ಲದೇ ಇರೋರ ಫೋಟೋನೂ ಇತ್ತು. ಹತ್ತು ನಿಮಿಷದ ಕೆಲಸ ಆಗಿತ್ತು ಅಂತ ಆಮೇಲೆ ಗೊತ್ತಾಯ್ತು.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತಿ, ಕಂಪನಿಗೆ ತಕ್ಕಂಗೆ ಅದು ಎಫ್12, ಎಫ್9, ಎಫ್11 ಅಥವಾ ಎಸ್ಕೇಪ್ ಇರತ್ತೆ. ಅಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಕಂಡ್ರೆ ಅದನ್ನ ಆರಿಸಿ, ವಿಂಡೋಸ್ ಬರತ್ತೆ, ಆಮೇಲೆ ಮೇಲಿನ ಉತ್ತರದಲ್ಲಿ ಹೇಳಿದಂಗೆ ಬೂಟ್ ಆರ್ಡರ್ ಸರಿ ಮಾಡಿ ಉಳಿದ ಫೋಲ್ಡರ್ ತೆಗೆದ್ರೆ ಮುಗೀತು. ಕೆಲವರಿಗೆ ಗ್ರಬ್ ರೆಸ್ಕ್ಯೂ ಬದಲು ಬರೀ ಗ್ರಬ್ ಅಂತ ಬಂದು ನಿಂತಿರತ್ತೆ, ಅವರು ಅಲ್ಲೇ ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡ್ಲಿ, ಎಷ್ಟೋ ಸಲ ಮುಂದಿನ ಬೂಟ್ ಸಾಲಿಗೆ ಹೋಗಿ ವಿಂಡೋಸ್ ಬಂದ್ಬಿಡತ್ತೆ.

ನಿಮ್ದು ಹಳೇ ಡೆಸ್ಕ್‌ಟಾಪ್, ಜೊತೆಗೆ ರೆಸ್ಕ್ಯೂ ಅಂತ ಬರ್ತಿರೋದ್ರಿಂದ ಬಹುಶಃ ಲೆಗಸಿ ಥರದ್ದು. ಇದರಲ್ಲಿ ಡಿಸ್ಕಿನ ಮೊಟ್ಟ ಮೊದಲ 512 ಬೈಟಲ್ಲಿ ಎಂಬಿಆರ್ ಅಂತ ಒಂದು ಸಣ್ಣ ಜಾಗ ಇರತ್ತೆ, ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ಪಾರ್ಟಿಶನ್ ಪಟ್ಟಿಗೆ, ಕೊನೇ 2 ಬೈಟ್ ಗುರುತಿಗೆ. ಲಿನಕ್ಸ್ ಹಾಕಿದಾಗ ಆ 446 ಬೈಟಲ್ಲಿ ವಿಂಡೋಸ್ ಕೋಡ್ ಹೋಗಿ ಗ್ರಬ್ ಬಂದಿದೆ, ಈಗ ಅಲ್ಲಿ ಮತ್ತೆ ವಿಂಡೋಸ್ ಕೋಡ್ ಬರೀಬೇಕು, ಅಷ್ಟೇ. ಬೇರೆ ಕಂಪ್ಯೂಟರಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸ್ಕೊಂಡು 8 ಜಿಬಿಗೆ ಕಮ್ಮಿ ಇಲ್ಲದ ಖಾಲಿ ಪೆನ್‌ಡ್ರೈವಲ್ಲಿ ಇನ್‌ಸ್ಟಾಲರ್ ಮಾಡಿಸಿ. ಅದರಿಂದ ಬೂಟ್ ಮಾಡಿ, ಭಾಷೆ ಕೇಳೋ ಪರದೆ ದಾಟಿದ ಮೇಲೆ ಇನ್‌ಸ್ಟಾಲ್ ಒತ್ತದೇ ರಿಪೇರ್ ಅನ್ನೋದನ್ನ ಆರಿಸಿ, ಟ್ರಬಲ್‌ಶೂಟ್ ಒಳಗಡೆ ಕಮಾಂಡ್ ಪ್ರಾಂಪ್ಟ್ ತೆಗೆದು ಬೂಟ್‌ರೆಕ್, ಸ್ಪೇಸ್, ಸ್ಲ್ಯಾಶ್, ಫಿಕ್ಸ್‌ಎಂಬಿಆರ್ ಅಂತ ಹೊಡೀರಿ. ಸಕ್ಸಸ್‌ಫುಲಿ ಅಂತ ಬಂದ್ರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ಈ ಕಮಾಂಡ್ ಬೂಟ್ ಕೋಡ್ ಮಾತ್ರ ಬರೆಯತ್ತೆ, ಪಾರ್ಟಿಶನ್ ಪಟ್ಟಿ ಮುಟ್ಟಲ್ಲ, ಫೋಟೋಗಳಿಗೆ ಏನೂ ಆಗಲ್ಲ. ವಿಂಡೋಸ್ ಬಂದ ಮೇಲೆ ಮೊದಲ ಕೆಲಸ ಅಂದ್ರೆ ಆ ಫೋಟೋಗಳನ್ನ ಬೇರೆ ಡಿಸ್ಕಿಗೆ ಕಾಪಿ ಮಾಡೋದು, ಉಳಿದಿದ್ದೆಲ್ಲ ಆಮೇಲೆ.

ಯುಇಎಫ್‌ಐ ಇರೋರು ಈ ಫಿಕ್ಸ್‌ಎಂಬಿಆರ್ ಹಿಂದೆ ಬೀಳ್ಬೇಡಿ, ಅದಕ್ಕೂ ನಿಮ್ಮ ಬೂಟಿಗೂ ಸಂಬಂಧ ಇಲ್ಲ. ನಿಮ್ಮಲ್ಲಿ ಬೂಟ್ ಫೈಲೇ ಹೋಗಿದ್ರೆ ಅದೇ ಕಮಾಂಡ್ ಪ್ರಾಂಪ್ಟಲ್ಲಿ ಬಿಸಿಡಿಬೂಟ್ ಕೊಟ್ಟು ವಿಂಡೋಸ್ ಫೋಲ್ಡರಿನ ದಾರಿ ಹೇಳ್ಬೇಕು, ಅದು ಬೂಟ್ ಫೈಲುಗಳನ್ನ ಹೊಸದಾಗಿ ಬರೆಯತ್ತೆ. ರಿಪೇರಿ ಪರದೆಯಲ್ಲಿ ಡ್ರೈವ್ ಅಕ್ಷರ ಅದಲು ಬದಲಾಗಿರಬಹುದು, ಸಿ ಅಂದಿದ್ದು ನಿಜವಾಗ್ಲೂ ವಿಂಡೋಸ್ ಇರೋ ಡ್ರೈವಾ ಅಂತ ಡಿಐಆರ್ ಹೊಡೆದು ನೋಡ್ಕೊಂಡೇ ಮಾಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಂಪ್ಯೂಟರಲ್ಲಿ ವಿಂಡೋಸ್ 10 ಮತ್ತೆ ಲಿನಕ್ಸ್ ಮಿಂಟ್ ಎರಡೂ ಇದೆ. ಎಲ್ಲರೂ ವಿಂಡೋಸ್ ಇಟ್ಕೊಂಡು ಲಿನಕ್ಸ್ ತೆಗೀತಾರೆ, ನನಗೆ ಉಲ್ಟಾ ಬೇಕು. ವಿಂಡೋಸ್ ತೆಗೆದು ಮಿಂಟ್ ಮಾತ್ರ ಇಟ್ಕೊಳೋಕೆ ಆಗತ್ತಾ?

ಉತ್ತರ: ಆಗತ್ತೆ ಸರ್, ನಿಮ್ಮ ಪತ್ರ ಓದಿ ಖುಷಿ ಆಯ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಬೇಕು ಅಂತ ಷರತ್ತಿದೆ, ಹಳೇ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಅದು ಇರಲ್ಲ. ಚೆನ್ನಾಗಿರೋ ಮೆಷಿನ್ನನ್ನ ಮೂಲೆಗೆ ಹಾಕೋ ಬದಲು ಲಿನಕ್ಸಲ್ಲಿ ಮುಂದುವರಿಸೋದು ಎಲ್ಲಾ ರೀತಿಯಲ್ಲೂ ಒಳ್ಳೇ ನಿರ್ಧಾರ ಅಂತ ನನ್ನ ಅಭಿಪ್ರಾಯ.

ಆದ್ರೆ ತೆಗೆಯೋ ಮುಂಚೆ ಒಂದು ವಾರ ವಿಂಡೋಸ್ ಕಡೆ ಹೋಗ್ದೇ ಇದ್ದು ನೋಡಿ. ಪ್ರಿಂಟರ್, ಸ್ಕ್ಯಾನರ್ ಮಿಂಟಲ್ಲಿ ಕೆಲಸ ಮಾಡ್ತಾವಾ, ಹಳೇ ಡಾಕ್ಯುಮೆಂಟುಗಳು ತೆರೀತಾವಾ, ಡಿಜಿಟಲ್ ಸಹಿ ಹಾಕೋ ಸಾಫ್ಟ್‌ವೇರ್ ಥರ ವಿಂಡೋಸಿಗೆ ಮಾತ್ರ ಅಂತ ಇರೋದು ಯಾವುದಾದ್ರೂ ಇದೆಯಾ ಅಂತ ಆ ಒಂದು ವಾರದಲ್ಲೇ ಗೊತ್ತಾಗ್ಬಿಡತ್ತೆ. ನಿಮ್ಮ ವಿಂಡೋಸ್ ಡಿಜಿಟಲ್ ಲೈಸೆನ್ಸ್ ಮೇಲೆ ಆಕ್ಟಿವೇಟ್ ಆಗಿದ್ರೆ ಅದು ಆ ಹಾರ್ಡ್‌ವೇರ್ ಜೊತೆ ಸೇರ್ಕೊಂಡಿರತ್ತೆ, ನಾಳೆ ಮತ್ತೆ ಬೇಕು ಅನ್ಸಿದ್ರೆ ಅದೇ ಕಂಪ್ಯೂಟರಲ್ಲಿ ಹಾಕ್ಕೋಬಹುದು.

ನಿಮ್ಮ ವಿಷಯದಲ್ಲಿ ಬಾಗಿಲು ಕಾಯೋದು ಆಗಲೇ ಗ್ರಬ್ ಕೈಲಿರೋದ್ರಿಂದ ಬೂಟಿನ ಚಿಂತೆ ಕಮ್ಮಿ. ಮಿಂಟಿನ ಪೆನ್‌ಡ್ರೈವಿಂದ ಲೈವ್ ಆಗಿ, ಅಂದ್ರೆ ಇನ್‌ಸ್ಟಾಲ್ ಮಾಡದೇ, ಬೂಟ್ ಮಾಡಿ ಜಿಪಾರ್ಟೆಡ್ ಅನ್ನೋ ಪಾರ್ಟಿಶನ್ ಆಪ್ ತೆಗೀರಿ. ಎನ್‌ಟಿಎಫ್‌ಎಸ್ ಅಂತ ಇರೋ ದೊಡ್ಡ ಪಾರ್ಟಿಶನ್ ವಿಂಡೋಸಿಂದು, ಅದನ್ನ ಡಿಲೀಟ್ ಮಾಡಬಹುದು. ಆದ್ರೆ ಫ್ಯಾಟ್32 ಅಂತ ಒಂದು ಸಣ್ಣದಿರತ್ತೆ, ಅದರ ಫ್ಲ್ಯಾಗ್ಸ್ ಅನ್ನೋ ಕಡೆ ಬೂಟ್, ಇಎಸ್‌ಪಿ ಅಂತ ಇರತ್ತೆ, ಮೊದಲು ವಿಂಡೋಸ್ ಮಾಡಿದ್ದಾದ್ರೂ ಈಗ ಮಿಂಟ್ ಕೂಡ ಅದರಿಂದಲೇ ಏಳೋದು, ವಿಂಡೋಸಿಂದು ಅಂತ ತಿಳ್ಕೊಂಡು ಅದನ್ನ ಅಳಿಸಿದ್ರೆ ಎರಡೂ ಹೋಗತ್ತೆ.

ಖಾಲಿಯಾದ ಜಾಗ ಸಾಮಾನ್ಯವಾಗಿ ಮಿಂಟ್ ಪಾರ್ಟಿಶನಿನ ಎಡಕ್ಕೆ ಬರತ್ತೆ. ಮಿಂಟನ್ನ ಎಡಕ್ಕೆ ಎಳೆದು ದೊಡ್ಡದು ಮಾಡೋಕೆ ಜಿಪಾರ್ಟೆಡಲ್ಲಿ ಸಾಧ್ಯ ಇದೆ, ಆದ್ರೆ ಪಾರ್ಟಿಶನಿನ ಶುರು ಬದಲಾಗೋದ್ರಿಂದ ಒಳಗಿರೋ ಡೇಟಾ ಎಲ್ಲ ಜಾಗ ಬದಲಾಯಿಸ್ಬೇಕು, ಹಾರ್ಡ್ ಡಿಸ್ಕ್ ಆದ್ರೆ ಗಂಟೆಗಟ್ಟಲೆ ಹಿಡಿಯತ್ತೆ, ನಡುವೆ ಕರೆಂಟ್ ಹೋದ್ರೆ ಎಲ್ಲಾ ಕೆಡತ್ತೆ. ನಾನಾಗಿದ್ರೆ ಆ ಕೆಲಸಕ್ಕೆ ಹೋಗಲ್ಲ. ಖಾಲಿ ಜಾಗದಲ್ಲಿ ಇಎಕ್ಸ್‌ಟಿ4 ಪಾರ್ಟಿಶನ್ ಹೊಸದಾಗಿ ಮಾಡಿ, ಮಿಂಟಿಗೆ ಬಂದು ಡಿಸ್ಕ್ಸ್ ಆಪಲ್ಲಿ ಅದನ್ನ ಪ್ರತೀ ಸಲ ತಾನಾಗಿ ಸೇರೋ ಹಾಗೆ ಮಾಡಿ, ಫೋಟೋ, ಪುಸ್ತಕ, ಹಾಡು ಎಲ್ಲ ಅಲ್ಲಿಟ್ಕೊಳಿ.

ಒಂದು ವಿಷಯ ಮಾತ್ರ ಮರೀಬೇಡಿ. ಮಿಂಟಲ್ಲಿ ವಿಂಡೋಸ್ ಡ್ರೈವ್ ತಾನಾಗಿ ತೆರೆಯೋ ಹಾಗೆ ಯಾವತ್ತಾದ್ರೂ ಸೆಟ್ ಮಾಡಿದ್ರೆ ಅದರ ಸಾಲು ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿರತ್ತೆ. ಪಾರ್ಟಿಶನ್ ಹೋಗಿ ಸಾಲು ಉಳಿದ್ರೆ, ಮಿಂಟ್ ಬೂಟ್ ಆಗೋವಾಗ ಇಲ್ಲದೇ ಇರೋ ಡ್ರೈವಿಗೋಸ್ಕರ 90 ಸೆಕೆಂಡ್ ಕಾದು ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ನಿಂತ್ಬಿಡಬಹುದು, ಲಿನಕ್ಸೇ ಕೆಟ್ಟೋಯ್ತು ಅಂತ ಜನ ಹೆದರ್ತಾರೆ. ಡಿಲೀಟ್ ಮಾಡೋ ಮುಂಚೆನೇ ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿ ಸೇವ್ ಮಾಡಿ. ಎಲ್ಲಾ ಆದ ಮೇಲೆ ಟರ್ಮಿನಲಲ್ಲಿ ಸುಡೊ, ಸ್ಪೇಸ್, ಅಪ್‌ಡೇಟ್, ಹೈಫನ್, ಗ್ರಬ್ ಅಂತ ಕೊಟ್ರೆ ಮೆನುವಿಂದ ವಿಂಡೋಸ್ ಹೆಸರು ಹೋಗತ್ತೆ. ಅಕಸ್ಮಾತ್ ಬೂಟಲ್ಲಿ ಏನಾದ್ರೂ ತೊಂದರೆ ಆದ್ರೆ ಅದೇ ಲೈವ್ ಪೆನ್‌ಡ್ರೈವಲ್ಲಿ ಬೂಟ್ ರಿಪೇರ್ ಅನ್ನೋ ಸಾಧನ ಇದೆ, ಪೆನ್‌ಡ್ರೈವನ್ನ ಅಳಿಸದೇ ಒಂದಷ್ಟು ದಿನ ಹಾಗೇ ಇಟ್ಕೊಂಡಿರಿ.

ಪ್ರಶ್ನೆ: ಲಿನಕ್ಸ್ ಡಿಲೀಟ್ ಮಾಡಿದೆ, ಅನ್‌ಅಲೊಕೇಟೆಡ್ ಜಾಗ ಕಾಣ್ತಿದೆ, ಆದ್ರೆ ಸಿ ಡ್ರೈವಲ್ಲಿ ಎಕ್ಸ್‌ಟೆಂಡ್ ವಾಲ್ಯೂಮ್ ಅನ್ನೋದು ಮಂಕಾಗಿದೆ, ಒತ್ತೋಕೇ ಆಗ್ತಿಲ್ಲ.

ಉತ್ತರ: ಸಿ ಡ್ರೈವಿಗೂ ಖಾಲಿ ಜಾಗಕ್ಕೂ ಮಧ್ಯ ರಿಕವರಿ ಪಾರ್ಟಿಶನ್ ಕೂತಿರತ್ತೆ ನೋಡಿ, ಇಲ್ಲಾ ಖಾಲಿ ಜಾಗ ಸಿ ಎಡಕ್ಕಿರತ್ತೆ. ವಿಂಡೋಸಿನ ಈ ಸಾಧನ ಬಲಗಡೆ ಅಂಟ್ಕೊಂಡಿರೋ ಜಾಗವನ್ನ ಮಾತ್ರ ಸೇರಿಸ್ಕೊಳತ್ತೆ, ನಡುವೆ ಒಂದು ಎಂಬಿ ಪಾರ್ಟಿಶನ್ ಇದ್ರೂ ಆಗಲ್ಲ. ಲೈವ್ ಪೆನ್‌ಡ್ರೈವಿಂದ ಜಿಪಾರ್ಟೆಡ್ ತೆಗೆದು ರಿಕವರಿಯನ್ನ ಬಲಕ್ಕೆ ಸರಿಸಬಹುದು. ನಿಮಗೆ ಸಿ ಡ್ರೈವೇ ದೊಡ್ಡದಾಗ್ಬೇಕು ಅಂತ ಹಟ ಇಲ್ಲದಿದ್ರೆ ಇಷ್ಟೆಲ್ಲ ಬೇಡ, ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ, ಹೊಸ ಡ್ರೈವ್ ಬರತ್ತೆ, ಡೌನ್‌ಲೋಡ್, ವಿಡಿಯೋ ಎಲ್ಲ ಅಲ್ಲಿಗೆ ಹಾಕಿದ್ರೆ ಸಿ ತಾನಾಗೇ ಹಗುರ ಆಗತ್ತೆ. ಖಾಲಿ ಜಾಗ ಹಸಿರು ಚೌಕಟ್ಟಲ್ಲಿ ಫ್ರೀ ಸ್ಪೇಸ್ ಅಂತ ಕಾಣ್ತಿದ್ರೆ ಅದು ಬೇರೆ ಕಥೆ, ಹಳೇ ಎಂಬಿಆರ್ ಡಿಸ್ಕಲ್ಲಿ ಲಿನಕ್ಸ್ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಶನ್ ಒಳಗಿತ್ತು ಅಂತ, ಆ ಫ್ರೀ ಸ್ಪೇಸನ್ನ ಇನ್ನೊಂದ್ಸಲ ಡಿಲೀಟ್ ಮಾಡಿದ್ರೆ ಅನ್‌ಅಲೊಕೇಟೆಡ್ ಆಗತ್ತೆ. ಆದ್ರೆ ಆ ಚೌಕಟ್ಟಿನೊಳಗೆ ನಿಮ್ಮ ಬೇರೆ ಡ್ರೈವ್ ಇಲ್ಲ ಅಂತ ನೋಡ್ಕೊಂಡು ಮಾಡಿ.

ಪ್ರಶ್ನೆ: ನನ್ನ ಹತ್ರ ಇರೋದು ಎರಡೂ ವಿಂಡೋಸೇ, 10 ಮತ್ತೆ 11. ಹಳೇದನ್ನ ತೆಗೀಬೇಕು.

ಉತ್ತರ: ಇದು ಸಲೀಸು. ಉಳಿಸ್ಕೋಬೇಕಾದ 11ರೊಳಗೆ ಹೋಗಿ, ವಿಂಡೋಸ್ ಕೀ ಮತ್ತೆ ಆರ್ ಒತ್ತಿ ಎಂಎಸ್‌ಕಾನ್ಫಿಗ್ ಹೊಡೆದು, ಬೂಟ್ ಟ್ಯಾಬಲ್ಲಿ ನೋಡಿದ್ರೆ ಎರಡು ಸಾಲಿರತ್ತೆ. ಕರೆಂಟ್ ಓಎಸ್ ಅಂತ ಬರೆದಿರೋದು ನೀವೀಗ ಇರೋದು, ಅದನ್ನ ಡಿಫಾಲ್ಟ್ ಮಾಡಿ, ಇನ್ನೊಂದನ್ನ ಆರಿಸಿ ಡಿಲೀಟ್ ಕೊಡಿ. ಇದರಿಂದ ಮೆನುವಿನ ಸಾಲು ಮಾತ್ರ ಹೋಗತ್ತೆ, ಫೈಲುಗಳು ಹಾಗೇ ಇರ್ತವೆ. ರೀಸ್ಟಾರ್ಟ್ ಮಾಡಿ ಸೀದಾ 11 ಬಂತು ಅಂತಾದ ಮೇಲೆ ಹಳೇ ಪಾರ್ಟಿಶನ್ ಫಾರ್ಮ್ಯಾಟ್ ಮಾಡಿ. ಎರಡು ಎಚ್ಚರಿಕೆ ಇದೆ. ಪ್ರತಿಯೊಂದು ವಿಂಡೋಸೂ ತಾನಿರೋ ಡ್ರೈವನ್ನ ಸಿ ಅಂತಲೇ ತೋರಿಸೋದು ಜಾಸ್ತಿ, 10ರಲ್ಲಿ ಸಿ ಆಗಿದ್ದು 11ರಲ್ಲಿ ಡಿ ಅಂತ ಕಾಣಬಹುದು, ಅಕ್ಷರ ನಂಬ್ಬೇಡಿ, ಸೈಜ್ ಮತ್ತೆ ಒಳಗಿನ ಫೋಲ್ಡರ್ ನೋಡಿ. ಇನ್ನೊಂದು, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಹಳೇ ಪಾರ್ಟಿಶನ್ ಎದುರು ಸಿಸ್ಟಮ್ ಅಂತ ಬರೆದಿದ್ರೆ ಬೂಟ್ ಫೈಲುಗಳು ಅದರಲ್ಲೇ ಇವೆ ಅಂತ, ಫಾರ್ಮ್ಯಾಟ್ ಮಾಡೋಕೆ ಅದು ಬಿಡಲ್ಲ, ಬೇರೆ ಸಾಫ್ಟ್‌ವೇರ್ ತಂದು ಬಲವಂತ ಮಾಡೋಕೂ ಹೋಗ್ಬೇಡಿ, ಮೊದಲು ಬಿಸಿಡಿಬೂಟಿಂದ ಬೂಟ್ ಫೈಲುಗಳನ್ನ ಉಳಿಯೋ ಕಡೆಗೆ ತರ್ಬೇಕು.

ಪ್ರಶ್ನೆ: ವಿಂಡೋಸ್ ಎಸ್ಎಸ್‌ಡಿಯಲ್ಲಿ, ಲಿನಕ್ಸ್ ಬೇರೆ ಹಾರ್ಡ್ ಡಿಸ್ಕಲ್ಲಿ ಇದೆ. ಹಾರ್ಡ್ ಡಿಸ್ಕ್ ಕಳಚಿ ತಮ್ಮನ ಕಂಪ್ಯೂಟರಿಗೆ ಹಾಕಿದ್ರೆ ಆಯ್ತಲ್ವಾ, ಇದರಲ್ಲೇನು ಅಪಾಯ?

ಉತ್ತರ: ಓಎಸ್ ಯಾವ ಡಿಸ್ಕಲ್ಲಿದೆಯೋ ಅದರ ಬೂಟ್ ಫೈಲೂ ಅದೇ ಡಿಸ್ಕಲ್ಲಿರತ್ತೆ ಅಂತ ನಾವು ಅಂದ್ಕೋತೀವಿ, ಹಾಗೇನೂ ಇಲ್ಲ. ವಿಂಡೋಸ್ ಹಾಕೋವಾಗ ಇನ್ನೊಂದು ಡಿಸ್ಕಲ್ಲಿ ಆಗಲೇ ಇಎಫ್‌ಐ ಪಾರ್ಟಿಶನ್ ಇದ್ರೆ ಅದನ್ನೇ ಬಳಸ್ಕೊಂಡುಬಿಡೋದುಂಟು. ನಿಮ್ಮ ಹಾರ್ಡ್ ಡಿಸ್ಕ್ ಹಳೇದು, ಎಸ್ಎಸ್‌ಡಿ ಆಮೇಲೆ ಹಾಕ್ಸಿದ್ದು ಅಂತಾದ್ರೆ ಈ ಸಾಧ್ಯತೆ ಜಾಸ್ತಿ. ಪರೀಕ್ಷೆ ಮಾಡೋದು ಬಹಳ ಸುಲಭ, ಕಮಾಂಡ್ ಏನೂ ಬೇಡ. ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ಹಾರ್ಡ್ ಡಿಸ್ಕಿನ ಕೇಬಲ್ ಕಳಚಿ ಆನ್ ಮಾಡಿ ನೋಡಿ. ವಿಂಡೋಸ್ ಬಂದ್ರೆ ನೆಮ್ಮದಿಯಾಗಿ ಕೊಟ್ಬಿಡಿ. ಬರ್ಲಿಲ್ಲ ಅಂದ್ರೆ ಕೇಬಲ್ ವಾಪಸ್ ಹಾಕಿ, ಏನೂ ಹಾಳಾಗಿರಲ್ಲ. ಆಮೇಲೆ ಎಸ್ಎಸ್‌ಡಿಯಲ್ಲಿ ಸಿ ಡ್ರೈವನ್ನ ಸ್ವಲ್ಪ ಕುಗ್ಗಿಸಿ ಅಲ್ಲೊಂದು ಸಣ್ಣ ಇಎಫ್‌ಐ ಪಾರ್ಟಿಶನ್ ಮಾಡಿ ಫ್ಯಾಟ್32 ಅಂತ ಫಾರ್ಮ್ಯಾಟ್ ಮಾಡಿ ಬಿಸಿಡಿಬೂಟ್ ಓಡಿಸ್ಬೇಕು, ಇದು ಡಿಸ್ಕ್‌ಪಾರ್ಟ್ ಅನ್ನೋ ವಿಂಡೋಸ್ ಕಮಾಂಡಲ್ಲಿ ಮಾಡೋ ಕೆಲಸ, ಅದರಲ್ಲಿ ತಪ್ಪು ಡಿಸ್ಕ್ ಸೆಲೆಕ್ಟ್ ಮಾಡಿದ್ರೆ ಕೇಳದೇ ಅಳಿಸತ್ತೆ, ಅಭ್ಯಾಸ ಇರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ.

ಪ್ರಶ್ನೆ: ಲಿನಕ್ಸ್ ಅಂದ್ಕೊಂಡು ಡಿ ಡ್ರೈವ್ ಡಿಲೀಟ್ ಮಾಡ್ಬಿಟ್ಟೆ ಸರ್. ಮೂರು ವರ್ಷದ ಕೆಲಸ ಅದರಲ್ಲಿತ್ತು. ಏನಾದ್ರೂ ದಾರಿ ಇದೆಯಾ?

ಉತ್ತರ: ಇದೆ, ಆದ್ರೆ ಈ ಕ್ಷಣದಿಂದ ಆ ಡಿಸ್ಕಿಗೆ ಏನನ್ನೂ ಬರೀಬೇಡಿ. ಹೊಸ ವಾಲ್ಯೂಮ್ ಮಾಡ್ಬೇಡಿ, ವಿಂಡೋಸ್ ತಾನಾಗಿ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ, ರಿಕವರಿ ಸಾಫ್ಟ್‌ವೇರನ್ನೂ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡ್ಬೇಡಿ, ಕಂಪ್ಯೂಟರ್ ಆಫ್ ಮಾಡಿದ್ರೆ ಇನ್ನೂ ಒಳ್ಳೇದು. ಡಿಲೀಟ್ ಮಾಡಿದಾಗ ಹೋಗೋದು ಇಂಥ ಜಾಗದಿಂದ ಇಂಥ ಜಾಗದವರೆಗೆ ಡಿ ಡ್ರೈವ್ ಅಂತ ಪಟ್ಟಿಯಲ್ಲಿರೋ ಒಂದು ನಮೂದು, ಒಳಗಿನ ಫೈಲುಗಳು ಸಾಮಾನ್ಯವಾಗಿ ಹಾಗೇ ಇರ್ತವೆ. ಟೆಸ್ಟ್‌ಡಿಸ್ಕ್ ಅಂತ ಒಂದು ಉಚಿತ ಸಾಧನ ಇದೆ, ಲೈವ್ ಪೆನ್‌ಡ್ರೈವಿಂದ ಬೂಟ್ ಮಾಡಿ ಅದನ್ನ ಓಡಿಸಿದ್ರೆ ಕಳೆದುಹೋದ ಪಾರ್ಟಿಶನ್ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹುಡುಕಿ ತೋರಿಸತ್ತೆ. ಅಲ್ಲಿ ಪಿ ಒತ್ತಿದ್ರೆ ಒಳಗಿನ ಫೈಲುಗಳ ಪಟ್ಟಿ ಬರತ್ತೆ, ನಿಮ್ಮ ಫೋಲ್ಡರುಗಳು ಕಂಡ್ರೆ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡ್ಕೊಳಿ, ಪಾರ್ಟಿಶನ್ ಪಟ್ಟಿಯನ್ನ ಮತ್ತೆ ಬರೆಯೋದು ಅದಾದ ಮೇಲೆ. ಅದು ಎಸ್ಎಸ್‌ಡಿ ಆಗಿದ್ರೆ ಮಾತ್ರ ಕಷ್ಟ, ಡಿಲೀಟ್ ಇಲ್ಲಾ ಫಾರ್ಮ್ಯಾಟ್ ಮಾಡಿದಾಗ ಆ ಜಾಗ ಖಾಲಿ ಅಂತ ವಿಂಡೋಸ್ ಟ್ರಿಮ್ ಅನ್ನೋ ಕಮಾಂಡ್ ಮೂಲಕ ಎಸ್ಎಸ್‌ಡಿಗೆ ಹೇಳಿರತ್ತೆ, ಅದು ನಿಜವಾಗ್ಲೂ ಅಳಿಸ್ಬಿಡತ್ತೆ. ನಿಮ್ದು ಹಾರ್ಡ್ ಡಿಸ್ಕ್ ಆಗಿದ್ದು, ಫಾರ್ಮ್ಯಾಟ್ ಮಾಡಿಲ್ಲ ಅಂದ್ರೆ ಸಿಗತ್ತೆ ಅಂತ ನನಗೆ ನಂಬಿಕೆ ಇದೆ. ಸಿಕ್ತು ಅಂದ್ರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ.

ಪ್ರಶ್ನೆ: ಲಿನಕ್ಸ್ ತೆಗೆದ ಮೇಲೆ ವಿಂಡೋಸಲ್ಲಿ ಗಡಿಯಾರ ತಪ್ಪು ತೋರಿಸ್ತಿದೆ. ಬ್ಯಾಟರಿ ಹೋಯ್ತಾ?

ಉತ್ತರ: ಬ್ಯಾಟರಿ ಅಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಸಮಯ (ಇಡೀ ಜಗತ್ತಿಗೆ ಒಂದೇ ಇರೋ ಮೂಲ ಸಮಯ) ಬರೆಯತ್ತೆ, ವಿಂಡೋಸ್ ಅದನ್ನ ನಿಮ್ಮೂರಿನ ಸಮಯ ಅಂತ ಓದತ್ತೆ, ಕೊನೇ ಸಲ ಲಿನಕ್ಸ್ ಬರೆದಿಟ್ಟು ಹೋಗಿದ್ದೇ ಈಗ ಕಾಣ್ತಿರೋದು. ಸೆಟಿಂಗ್ಸಲ್ಲಿ ಡೇಟ್ ಅಂಡ್ ಟೈಮ್ ಒಳಗಡೆ ಸಿಂಕ್ ನೌ ಒಂದ್ಸಲ ಒತ್ತಿ, ಸರಿ ಹೋಗತ್ತೆ, ಮತ್ತೆ ಬದಲಾಯಿಸೋಕೆ ಈಗ ಲಿನಕ್ಸ್ ಅಲ್ಲಿಲ್ಲ. ಅದಾದ ಮೇಲೂ ಪ್ರತೀ ಸಲ ಆಫ್ ಮಾಡಿ ಆನ್ ಮಾಡಿದಾಗ ಹಿಂದೆ ಹೋಗ್ತಿದ್ರೆ ಆಗ ಬ್ಯಾಟರಿ ನೋಡ್ಸಿ.